ಏಳು ಕೆಜಿಯೊಳಗೆ ಹಾನ್ಲೆಯ ಆಕಾಶ

ಬೆಂಗಳೂರಿನ ಟೆರೇಸ್ ಮೇಲೆ ನಿಂತು ನಕ್ಷತ್ರ ಎಣಿಸಲು ಎರಡು ಕೈಯ ಬೆರಳುಗಳು ಸಾಕು. ಅದಕ್ಕೇ ಆಕಾಶಗಂಗೆಯ ಫೋಟೊ ತೆಗೆಯುವ ಹುಚ್ಚು ಹಿಡಿದವರೆಲ್ಲ ಒಂದಲ್ಲ ಒಂದು ದಿನ ಹಾನ್ಲೆಯ ಹೆಸರು ಎತ್ತುತ್ತಾರೆ. ಲೇಹ್‌ನಿಂದ ಸುಮಾರು 250 ಕಿ.ಮೀ. ದೂರದಲ್ಲಿ, ಲಡಾಖ್‌ನ ಗಡಿಯಂಚಿನಲ್ಲಿರುವ ಹಳ್ಳಿ ಇದು. 2022ರಲ್ಲಿ ಇದರ ಸುತ್ತಲಿನ ಪ್ರದೇಶವನ್ನು ಡಾರ್ಕ್ ಸ್ಕೈ ರಿಸರ್ವ್ ಎಂದು ಘೋಷಿಸಿದರು. ಅಂದರೆ ಕತ್ತಲನ್ನೇ ಕಾಪಾಡುವ ಜಾಗ.

ಊರ ಪಕ್ಕದ ಗುಡ್ಡದ ಮೇಲೆ, 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಗೋಳ ವೀಕ್ಷಣಾಲಯ ಇದೆ. ಅದನ್ನು ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಅಲ್ಲಿನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಿಂದಲೇ ತಿರುಗಿಸುತ್ತಾರೆ. ವಿಜ್ಞಾನಿಗಳು ಹೊಸಕೋಟೆಯಲ್ಲಿ ಕೂತು ಹಾನ್ಲೆಯ ಆಕಾಶ ನೋಡಬಹುದು. ನಮ್ಮಂಥವರು ಮಾತ್ರ ಕ್ಯಾಮೆರಾ ಹೊತ್ತುಕೊಂಡೇ ಹೋಗಬೇಕು. ಹೊರೋಕೆ ವಿಮಾನದವರು ಕೊಡೋದು ಏಳು ಕೆಜಿ.

ಕಳೆದ ಸೆಪ್ಟೆಂಬರ್‌ನಲ್ಲಿ ನಾವು ನಾಲ್ಕು ಜನ ಸಹೋದ್ಯೋಗಿಗಳು ಹೋಗಿದ್ದೆವು. ನಕ್ಷತ್ರಕ್ಕೆ ಅಮಾವಾಸ್ಯೆ ಬೇಕು. ಮನೆಯಲ್ಲಿ ಅಮ್ಮನಿಗೆ ಅಮಾವಾಸ್ಯೆ ದಿನ ಪ್ರಯಾಣ ಬೇಡ. ಈ ಜಗಳವನ್ನು ಬಗೆಹರಿಸಿದ್ದು ಲೇಹ್‌ನ ಎತ್ತರ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಮೇಲಿರುವ ಆ ಊರಲ್ಲಿ ಇಳಿದ ಮೇಲೆ ಎರಡು ದಿನವಾದರೂ ಸುಮ್ಮನೆ ಮಲಗಿರಬೇಕು, ಆಮೇಲೆ ಹಾನ್ಲೆ. ಹಾಗಾಗಿ ನಾಲ್ಕು ದಿನ ಮೊದಲೇ ಹೊರಟೆವು. ಅಮ್ಮನೂ ಖುಷಿ, ಶ್ವಾಸಕೋಶವೂ ಖುಷಿ.

ಲೆಕ್ಕ ಹಾಕಿ ನೋಡಿ

ದೇಶದೊಳಗಿನ ಎಕಾನಮಿ ಟಿಕೆಟ್‌ಗೆ ಸಾಮಾನ್ಯವಾಗಿ ಏಳು ಕೆಜಿಯ ಒಂದು ಕ್ಯಾಬಿನ್ ಬ್ಯಾಗ್, ಹದಿನೈದು ಕೆಜಿ ಚೆಕ್-ಇನ್. ಏಳು ಕೆಜಿ ಕೇಳೋಕೆ ಜಾಸ್ತಿ ಅನ್ನಿಸುತ್ತೆ. ಅಡುಗೆಮನೆ ತಕ್ಕಡಿ ತಂದಿಟ್ಟುಕೊಂಡು ನಾನು ತೂಗಿದ ಪಟ್ಟಿ ಇದು: ಖಾಲಿ ಕ್ಯಾಮೆರಾ ಬ್ಯಾಗ್ 1.8 ಕೆಜಿ, ಎರಡು ಬಾಡಿ 1.4, ವೈಡ್ ಲೆನ್ಸ್ 0.5, ದಿನಬಳಕೆಯ ಜೂಮ್ 0.7, ಹಕ್ಕಿಗಳಿಗೆ ಬೇಕಾದ ಟೆಲಿ ಲೆನ್ಸ್ 2.1, ಚಾರ್ಜರ್ ಸಮೇತ ಲ್ಯಾಪ್‌ಟಾಪ್ 1.8, ಬ್ಯಾಟರಿ-ಪವರ್ ಬ್ಯಾಂಕ್-ಕಾರ್ಡ್ ಎಲ್ಲ ಸೇರಿ 0.8. ಒಟ್ಟು 9.1 ಕೆಜಿ.

ಎರಡು ಕೆಜಿ ನೂರು ಗ್ರಾಂ ಹೆಚ್ಚು. ಸರಿಯಾಗಿ ಆ ಟೆಲಿ ಲೆನ್ಸಿನ ತೂಕ!

ಇಲ್ಲಿ ಎಲ್ಲರೂ ಮಾಡುವ ಮೊದಲ ಯೋಚನೆ, ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್‌ಗೆ ಹಾಕೋಣ ಅನ್ನೋದು. ದಯವಿಟ್ಟು ಬೇಡ. ಬ್ಯಾಗು ಎಸೆತ ತಿನ್ನುತ್ತೆ ಅನ್ನೋದು ಒಂದು ಕಾರಣ. ಪರಿಹಾರದ ಮೊತ್ತ ಇನ್ನೊಂದು. ನಾಗರಿಕ ವಿಮಾನಯಾನ ಸಚಿವಾಲಯದ 2019ರ ಪ್ರಯಾಣಿಕರ ಹಕ್ಕುಪತ್ರದ ಪ್ರಕಾರ, ದೇಶದೊಳಗಿನ ಪ್ರಯಾಣದಲ್ಲಿ ಬ್ಯಾಗು ಕಳೆದರೆ ವಿಮಾನ ಸಂಸ್ಥೆಯ ಹೊಣೆ 20,000 ರೂಪಾಯಿವರೆಗೆ. ಇಎಂಐ ಇನ್ನೂ ಮುಗಿಯದ ಲೆನ್ಸಿಗೆ ಆ ದುಡ್ಡು ಎಲ್ಲಿ ಸಾಲುತ್ತೆ? ಜೊತೆಗೆ, ಕ್ಯಾಮೆರಾದಂಥ ಬೆಲೆಬಾಳುವ, ಒಡೆಯುವ ವಸ್ತುಗಳನ್ನು ಚೆಕ್-ಇನ್ ಬ್ಯಾಗಲ್ಲಿ ಇಟ್ಟರೆ ಜವಾಬ್ದಾರಿ ನಮ್ಮದಲ್ಲ ಅಂತ ಬಹಳಷ್ಟು ಸಂಸ್ಥೆಗಳು ತಮ್ಮ ನಿಯಮಗಳಲ್ಲೇ ಬರೆದಿಟ್ಟಿರುತ್ತವೆ.

ಮೇಲೆ ಏನು, ಕೆಳಗೆ ಏನು

ನಾವು ಪಾಲಿಸಿದ ನಿಯಮ ಒಂದೇ. ಲೇಹ್ ಮಾರ್ಕೆಟ್ಟಿನಲ್ಲಿ ದುಡ್ಡು ಕೊಟ್ಟರೆ ಸಿಗುವ ವಸ್ತು ವಿಮಾನದ ಹೊಟ್ಟೆಗೆ, ಸಿಗದೇ ಇರೋದು ನಮ್ಮ ಜೊತೆಗೆ. ಸ್ವೆಟರ್, ಉಲನ್ ಸಾಕ್ಸ್, ಸ್ಲೀಪಿಂಗ್ ಬ್ಯಾಗ್ ಎಲ್ಲ ಅಲ್ಲಿ ಕೊಳ್ಳಲೋ ಬಾಡಿಗೆಗೋ ಸಿಗುತ್ತವೆ. ನಿಮ್ಮ ಕ್ಯಾಮೆರಾಕ್ಕೆ ಹೊಂದುವ ಬ್ಯಾಟರಿ ಸಿಗುತ್ತೆ ಅನ್ನೋ ಭರವಸೆ ಇಲ್ಲ. ದಿನಾ ತಗೊಳ್ಳೋ ಮಾತ್ರೆಗಳೂ ಕ್ಯಾಬಿನ್ ಬ್ಯಾಗಿಗೇ ಸೇರಬೇಕು.

ಈ ನಿಯಮಕ್ಕೆ ಪರೀಕ್ಷೆಯೂ ಬಂತು. ದೆಹಲಿಯಲ್ಲಿ ವಿಮಾನ ಬದಲಿಸುವಾಗ ಗೆಳೆಯನೊಬ್ಬನ ಚೆಕ್-ಇನ್ ಬ್ಯಾಗ್ ಹಿಂದೆ ಉಳಿಯಿತು. ಲೇಹ್‌ಗೆ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನದ ಗಾಳಿಯಲ್ಲಿ ಆ ಕಣಿವೆಯೊಳಗೆ ಇಳಿಯೋದು ಕಷ್ಟ. ಹಾಗಾಗಿ ಇಂದು ತಪ್ಪಿದ ಬ್ಯಾಗ್ ನಾಳೆಯೇ ಬರೋದು. ಅವನ ಜಾಕೆಟ್, ಟ್ರೈಪಾಡ್ ಎಲ್ಲ ಅದರಲ್ಲೇ ಇತ್ತು. "ಕ್ಯಾಮೆರಾ ಕೈಲಿದೆ ತಾನೇ ಮಗಾ, ಬಿಡು" ಅಂದೆವು. ಒಂದು ರಾತ್ರಿ ಹೋಮ್‌ಸ್ಟೇಯವರ ಕಂಬಳಿ ಹೊದ್ದು ಮಲಗಿದ. ಮರುದಿನ ಬ್ಯಾಗ್ ಬಂತು. ಕ್ಯಾಮೆರಾವೇ ಅದರಲ್ಲಿದ್ದು, ನಾವು ಅದೇ ದಿನ ಹಾನ್ಲೆಗೆ ಹೊರಡುವವರಾಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಟ್ರೈಪಾಡ್ ಕೆಳಗೆ ಹೋಗಲಿ. ತಲೆಭಾಗವನ್ನು ಬಿಚ್ಚಿ ಸಾಕ್ಸ್‌ನೊಳಗೆ ತೂರಿಸಿ, ಕಾಲುಗಳನ್ನು ಥರ್ಮಲ್ ಪ್ಯಾಂಟಿನಲ್ಲಿ ಸುತ್ತಿ. ಅದನ್ನು ಬಿಗಿ ಮಾಡುವ ಅಲೆನ್ ಕೀ, ಸ್ಕ್ರೂಡ್ರೈವರ್, ಚಾಕು ಇರುವ ಮಲ್ಟಿಟೂಲ್ ಎಲ್ಲ ಚೆಕ್-ಇನ್‌ಗೆ. ಅಮ್ಮ ಕಟ್ಟಿಕೊಡುವ ಚಟ್ನಿಪುಡಿ, ಉಪ್ಪಿನಕಾಯಿಯೂ ಅಲ್ಲಿಗೇ, ಆದರೆ ಲೆನ್ಸ್ ಒರೆಸುವ ಬಟ್ಟೆಯಿಂದ ದೂರ! ಕಬಿನಿ ಸಫಾರಿಗೆ ಒಯ್ಯುವ ಬೀನ್‌ಬ್ಯಾಗ್ ನಿಮ್ಮಲ್ಲಿದ್ದರೆ ಅದರ ಖಾಲಿ ಚೀಲ ಮಾತ್ರ ಒಯ್ಯಿರಿ. ಲೇಹ್‌ನಲ್ಲಿ ಎರಡು ಕೆಜಿ ಅಕ್ಕಿ ಕೊಂಡು ತುಂಬಿಸಿದರೆ ಆಯಿತು. ಟ್ರೈಪಾಡ್ ಬಾರದೇ ಹೋದರೂ ಕಲ್ಲಿನ ಮೇಲೆ ಅಕ್ಕಿಚೀಲ ಇಟ್ಟು 20 ಸೆಕೆಂಡಿನ ಎಕ್ಸ್‌ಪೋಷರ್ ತೆಗೆಯಬಹುದು. ವಾಪಸ್ ಬರುವಾಗ ಅಕ್ಕಿ ಹೋಮ್‌ಸ್ಟೇ ಅಡುಗೆಮನೆಗೆ.

ಡ್ರೋನ್ ಮನೆಯಲ್ಲೇ ಇರಲಿ. ಹಾನ್ಲೆ ಇರೋದು ಗಡಿಯ ಹತ್ತಿರ. ಅನುಮತಿಯಿಲ್ಲದೆ ಹಾರಿಸುವ ಮಾತೇ ಇಲ್ಲ.

ಬ್ಯಾಟರಿ ಯಾಕೆ ಜೊತೆಗೇ ಇರಬೇಕು?

ಬಿಡಿ ಲೀಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಲ್ಲಿ ಇರಲೇಬಾರದು. ಈ ನಿಯಮಕ್ಕೆ ಗಟ್ಟಿ ಕಾರಣ ಇದೆ. ಒಳಗೆ ಶಾರ್ಟ್ ಆದ ಬ್ಯಾಟರಿ ತನ್ನ ಬಿಸಿಗೆ ತಾನೇ ಇನ್ನಷ್ಟು ಬಿಸಿಯಾಗುತ್ತಾ ಹೋಗುತ್ತೆ. ಸರಕು ಇಡುವ ಜಾಗದಲ್ಲಿನ ಬೆಂಕಿ ಆರಿಸುವ ಅನಿಲ ಜ್ವಾಲೆಯನ್ನು ಅಡಗಿಸಬಹುದು, ಆ ಸರಣಿಯನ್ನು ನಿಲ್ಲಿಸಲಾರದು. ಕ್ಯಾಬಿನ್‌ನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣ್ಣಗಾಗಿಸಬಹುದು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನವೊಂದು ಸುಟ್ಟುಹೋಯಿತು. ಸೀಟಿನ ಮೇಲಿನ ಲಗೇಜ್ ಗೂಡಿನಲ್ಲಿದ್ದ ಪವರ್ ಬ್ಯಾಂಕ್ ಇದಕ್ಕೆ ಕಾರಣ ಇರಬಹುದು ಎಂದು ತನಿಖಾಧಿಕಾರಿಗಳು ಹೇಳಿದರು. ಅದಾದ ಮೇಲೆ ಹಲವು ಸಂಸ್ಥೆಗಳು ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಸೋದನ್ನೇ ನಿಲ್ಲಿಸಿವೆ. ಮೇಲಿನ ಗೂಡಿಗಿಂತ ಕಾಲ ಬಳಿ, ಕಣ್ಣಿಗೆ ಕಾಣುವಂತೆ ಇಡೋದು ಒಳ್ಳೆಯದು.

ಮಿತಿಯನ್ನು ವ್ಯಾಟ್-ಅವರ್‌ನಲ್ಲಿ ಅಳೆಯುತ್ತಾರೆ. ಲೆಕ್ಕ ಸುಲಭ: ವೋಲ್ಟ್ ಗುಣಿಸು ಎಂಎಎಚ್, ಭಾಗಿಸು ಸಾವಿರ. 7.2 ವೋಲ್ಟ್, 2,280 ಎಂಎಎಚ್‌ನ ಕ್ಯಾಮೆರಾ ಬ್ಯಾಟರಿ ಸುಮಾರು 16 ವ್ಯಾಟ್-ಅವರ್. 20,000 ಎಂಎಎಚ್ ಪವರ್ ಬ್ಯಾಂಕ್ 3.7 ವೋಲ್ಟ್ ಲೆಕ್ಕದಲ್ಲಿ 74. ನೂರರವರೆಗೆ ತೊಂದರೆಯಿಲ್ಲ. 30,000 ಎಂಎಎಚ್ ಆದರೆ 111 ಆಗುತ್ತೆ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಎಷ್ಟು ಬ್ಯಾಟರಿ ಒಯ್ಯಬಹುದು ಅನ್ನೋದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಟಿಕೆಟ್ ಜೊತೆಗೇ ನೋಡಿಕೊಳ್ಳಿ. ಅಂಕಿ ಅಳಿಸಿಹೋದ ಪವರ್ ಬ್ಯಾಂಕನ್ನು ಸೆಕ್ಯುರಿಟಿಯವರು ತೆಗೆದಿಟ್ಟುಕೊಂಡರೆ ವಾದಿಸೋಕೆ ನಮ್ಮ ಹತ್ತಿರ ಏನೂ ಇರಲ್ಲ. ಪ್ರತಿ ಬ್ಯಾಟರಿಗೂ ಪ್ಲಾಸ್ಟಿಕ್ ಕ್ಯಾಪ್ ಹಾಕಿ, ಇಲ್ಲವೇ ಲೋಹದ ತುದಿಗೆ ಟೇಪ್ ಅಂಟಿಸಿ.

ನಾನು ಒಯ್ದಿದ್ದು ಐದು ಬ್ಯಾಟರಿ. ಜಾಸ್ತಿ ಅನ್ನಿಸಬಹುದು. ಆದರೆ ಹಾನ್ಲೆಯ ರಾತ್ರಿಯಲ್ಲಿ ಚಾರ್ಜ್ ತುಂಬಿದ ಬ್ಯಾಟರಿಯೂ ಚಳಿಗೆ ಬೇಗ ಕುಸಿಯುತ್ತೆ. ಎರಡನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಂಡು, ಗಂಟೆಗೊಮ್ಮೆ ಅದಲುಬದಲು ಮಾಡುತ್ತಿದ್ದೆ.

ಟ್ರೇ ಮುಂದೆ

ಸೆಕ್ಯುರಿಟಿಯಲ್ಲಿ ಲ್ಯಾಪ್‌ಟಾಪ್ ಜೊತೆ ಕ್ಯಾಮೆರಾವನ್ನೂ ತೆಗೆದು ಟ್ರೇಯಲ್ಲಿಡಿ ಅನ್ನುತ್ತಾರೆ. ಹಿಂದೆ ಸಾಲು, ಮುಂದೆ ಅವಸರ. ಲೆನ್ಸ್ ಕ್ಯಾಪ್ ಉರುಳಿ ಕಳೆದುಹೋಗೋದು ಇಲ್ಲೇ. ಬಾಡಿಗೆ ಚಿಕ್ಕ ಲೆನ್ಸ್ ಸಿಕ್ಕಿಸಿಯೇ ಇಡಿ, ಬ್ಯಾಟರಿಗಳೆಲ್ಲ ಒಂದು ಪಾರದರ್ಶಕ ಪೌಚ್, ಕೇಬಲ್‌ಗಳೆಲ್ಲ ಇನ್ನೊಂದು. ಮೂರು ಸಲ ಕೈ ಹಾಕಿದರೆ ಬ್ಯಾಗ್ ಖಾಲಿ ಆಗಬೇಕು. ಎಕ್ಸ್‌ರೇಯಿಂದ ಮೆಮೊರಿ ಕಾರ್ಡ್‌ಗೆ ಏನೂ ಆಗಲ್ಲ. ಹಳೇ ಫಿಲ್ಮ್ ರೋಲ್ ಪ್ರೀತಿಯವರು ಮಾತ್ರ ರೋಲ್‌ಗಳನ್ನು ಬೇರೆ ಇಟ್ಟುಕೊಂಡು, ಕೈಯಲ್ಲೇ ಪರೀಕ್ಷಿಸಿ ಅಂತ ವಿನಯವಾಗಿ ಕೇಳಿ. ಹೊಸ ಸಿಟಿ ಸ್ಕ್ಯಾನರ್‌ಗಳು ಫಿಲ್ಮನ್ನು ಹಾಳುಮಾಡುತ್ತವೆ.

ಬಿಲ್ಲುಗಳ ಫೋಟೊ, ಪ್ರತಿ ಉಪಕರಣದ ಸೀರಿಯಲ್ ನಂಬರ್ ಫೋನಿನಲ್ಲಿರಲಿ. ಬಾಡಿಗೆ ಲೆನ್ಸಾದರೆ ಅಂಗಡಿಯವರ ರಸೀದಿಯೂ ಇರಲಿ. ವಿಮೆ ಮಾಡಿಸುವಾಗ ಪ್ರಯಾಣದಲ್ಲಿ ಕಳೆದದ್ದಕ್ಕೂ ಹಣ ಬರುತ್ತಾ ಅಂತ ಓದಿ ನೋಡಿ.

ಇನ್ನೊಂದು ಮಾತು. ಲೇಹ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆ, ಅಲ್ಲಿ ಫೋಟೊ ನಿಷಿದ್ಧ. ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಸುತ್ತ ಬೆಟ್ಟ ನೋಡಿ ಕೈ ತುರಿಸುತ್ತೆ, ನಿಜ. ಕ್ಯಾಮೆರಾ ಬ್ಯಾಗಿನ ಜಿಪ್ ತೆಗೆಯಬೇಡಿ.

ಬಿಟ್ಟು ಹೋದ ಲೆನ್ಸ್

ಈಗ ಆ 2.1 ಕೆಜಿಯ ವಿಷಯಕ್ಕೆ ಬರೋಣ. ಲ್ಯಾಪ್‌ಟಾಪ್ ಬಿಟ್ಟು, ಹಗುರವಾದ ಬ್ಯಾಗ್ ತಗೊಂಡಿದ್ದರೆ ಟೆಲಿ ಲೆನ್ಸ್ ಏಳು ಕೆಜಿಯೊಳಗೇ ಕೂರುತ್ತಿತ್ತು. ಆದರೆ ದಿನವೂ ತೆಗೆದ ಚಿತ್ರಗಳನ್ನು ಇನ್ನೊಂದು ಕಡೆ ಇಳಿಸಿಡೋಕೆ ನನಗೆ ಲ್ಯಾಪ್‌ಟಾಪ್ ಬೇಕಿತ್ತು. ಒಂದು ರಾತ್ರಿಯ ಆಕಾಶ ಕಳೆದುಹೋದರೆ ಮತ್ತೆ ಅಮಾವಾಸ್ಯೆಗೆ ತಿಂಗಳು ಕಾಯಬೇಕು, ರಜೆಗೆ ವರ್ಷ. ನಾನು ಹೋಗುತ್ತಿದ್ದದ್ದು ನಕ್ಷತ್ರಕ್ಕೆ. ಟೆಲಿ ಲೆನ್ಸ್ ಬೆಂಗಳೂರಿನ ಬೀರುವಿನಲ್ಲೇ ಉಳಿಯಿತು.

ರಾತ್ರಿಗಳು ಕೈಬಿಡಲಿಲ್ಲ. ಟಾರ್ಚ್ ಆರಿಸಿ ಎಂದು ಮೆಲ್ಲಗೆ ಹೇಳುವ, ಸಂಸ್ಥೆಯಿಂದ ತರಬೇತಿ ಪಡೆದ ಊರಿನ ಖಗೋಳ ರಾಯಭಾರಿಗಳು, ಅವರ ಪುಟ್ಟ ದೂರದರ್ಶಕಗಳು. ಕೆಂಪು ಬೆಳಕಿನ ಹೆಡ್‌ಲ್ಯಾಂಪ್ ಒಯ್ದಿದ್ದು ಸಾರ್ಥಕವಾಯಿತು. ಗುಡ್ಡದ ಮೇಲಿನ ಗುಮ್ಮಟದ ಹಿಂದಿನಿಂದ ಆಕಾಶಗಂಗೆ ಹೊಗೆಯ ಕಂಬದ ಹಾಗೆ ನಿಂತಿತ್ತು. ರೂಮಿಗೆ ಮರಳುವ ಮೊದಲು ಕ್ಯಾಮೆರಾವನ್ನು ಹೊರಗೇ ಜಿಪ್‌ಲಾಕ್ ಚೀಲಕ್ಕೆ ಹಾಕಿ ಮುಚ್ಚುತ್ತಿದ್ದೆವು. ಇಲ್ಲದಿದ್ದರೆ ಒಳಗಿನ ಬೆಚ್ಚಗಿನ ಗಾಳಿಯ ತೇವ ಲೆನ್ಸಿನ ಮೇಲೆ ನೀರಾಗಿ ಕೂರುತ್ತೆ.

ಎರಡನೇ ದಿನ ಬೆಳಿಗ್ಗೆ, ಹಾನ್ಲೆ ಹೊಳೆಯ ಜೌಗಿನಲ್ಲಿ ಜೋಡಿ ಕ್ರೌಂಚ ಪಕ್ಷಿಗಳು. ಕಪ್ಪು ಕತ್ತು, ನೆತ್ತಿಯ ಮೇಲೆ ಕೆಂಪು. ಲಡಾಖ್‌ನ ರಾಜ್ಯಪಕ್ಷಿ ಇದೇ. ಜೊತೆಗೆ ಕಂದು ಬಣ್ಣದ ಒಂದು ಮರಿ. ನಾವಿದ್ದಷ್ಟು ದೂರದಿಂದ ನನ್ನ ಜೂಮ್‌ನಲ್ಲಿ ಅವು ಮೂರು ಚುಕ್ಕಿ. ಹತ್ತಿರ ಹೋದರೆ ಮರಿ ಬೆದರುತ್ತೆ. ಹೊಟ್ಟೆಯೊಳಗೆ ಸಣ್ಣ ಸಂಕಟ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ. ಗೆಳೆಯನ ಬೈನಾಕ್ಯುಲರ್ ಇಸಕೊಂಡು ಅರ್ಧ ಗಂಟೆ ನೋಡಿದೆ. ಮರಿ ಕೊಕ್ಕನ್ನು ನೀರಿಗಿಟ್ಟು ತಲೆ ಕೊಡವೋದು, ತಾಯಿ ಕಾದು ನಿಲ್ಲೋದು. ಚಿತ್ರ ಇಲ್ಲ. ಮುಂದಿನ ಸಲ ಹಕ್ಕಿಗೇ ಅಂತ ಹೋದರೆ ಆಗ ವೈಡ್ ಲೆನ್ಸ್ ಮನೆಯಲ್ಲಿರುತ್ತೆ, ನಕ್ಷತ್ರಗಳನ್ನು ಬರಿಗಣ್ಣಲ್ಲಿ ನೋಡ್ತೀನಿ.

ಎಲ್ಲವನ್ನೂ ಹೊತ್ತು ಹೋಗೋಕೆ ಆಗಲ್ಲ ಅನ್ನೋದನ್ನು ಕೌಂಟರ್ ಮುಂದೆ ಬ್ಯಾಗ್ ಬಿಚ್ಚಿ ತೀರ್ಮಾನಿಸೋದಕ್ಕಿಂತ ಮನೆಯ ತಕ್ಕಡಿ ಮುಂದೆ ಕೂತು ತೀರ್ಮಾನಿಸೋದು ವಾಸಿ. "ಅಲ್ಲಿಗೆ ಯಾವುದಕ್ಕೆ ಹೋಗ್ತಿದ್ದೀನಿ?" ಅಂತ ಒಂದು ವಾಕ್ಯದಲ್ಲಿ ಬರೆದುಕೊಳ್ಳಿ, ಬ್ಯಾಗ್ ಅರ್ಧ ತಾನಾಗಿ ತುಂಬುತ್ತೆ.

ಹೋಗುವಾಗ ಬ್ಯಾಗಿನಲ್ಲಿ ಕ್ಯಾಮೆರಾವೇ ದೊಡ್ಡದು. ಬರುವಾಗ ಹಾಗಲ್ಲ. ಕ್ಯಾಮೆರಾ ಮತ್ತೆ ಕೊಳ್ಳಬಹುದು. ಬೆರಳುಗುರಿನಷ್ಟು ದೊಡ್ಡ ಕಾರ್ಡಿನಲ್ಲಿರುವ ರಾತ್ರಿಯನ್ನು ಕೊಳ್ಳೋಕಾಗಲ್ಲ. ಕಾರ್ಡ್‌ಗಳು ಅಂಗಿಯ ಜೇಬಿನಲ್ಲಿ, ಅವುಗಳ ಪ್ರತಿ ಲ್ಯಾಪ್‌ಟಾಪಿನಲ್ಲಿ. ಎರಡೂ ಒಂದೇ ಚೀಲದಲ್ಲಿ ಬೇಡ. ಖಾಲಿಯಾದ ಚಟ್ನಿಪುಡಿ ಡಬ್ಬಿಯನ್ನು ಮರೆಯದೆ ವಾಪಸ್ ತನ್ನಿ. ಅಮ್ಮ ಮೊದಲು ಕೇಳೋದು ಅದನ್ನೇ.