ಗಾಳಿ ಬಿಡಿಸಿದ್ದು

ಸೈಕಲ್ಲಿಗೂ ಗಾಳಿಗೂ ಇರುವ ನಂಟು ಎಲ್ಲರಿಗೂ ಗೊತ್ತಿರುವುದೇ. ಚಕ್ರದಲ್ಲಿ ಗಾಳಿ ಇಲ್ಲದಿದ್ದರೆ ಸೈಕಲ್ಲೇ ಇಲ್ಲ. ಆದರೆ ಈಗಿನ ಕೆಲವು ಸೈಕಲ್ಲುಗಳಲ್ಲಿ ಗಾಳಿ ಇರಲೇಬಾರದ ಒಂದು ಜಾಗವೂ ಉಂಟು. ಅದು ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಪೈಪು. ಅದರೊಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಬ್ಲೀಡಿಂಗ್’ ಎನ್ನುತ್ತಾರೆ, ಎಣ್ಣೆಯನ್ನೇ ರಕ್ತ ಮಾಡಿಬಿಟ್ಟಿದ್ದಾರೆ. ನಮ್ಮ ಗ್ಯಾರೇಜುಗಳಲ್ಲಿ ‘ಏರ್ ತೆಗೆಯುವುದು’ ಎನ್ನುತ್ತಾರೆ. ನನಗೆ ಈ ಹೆಸರೇ ಹೆಚ್ಚು ಸರಿ ಅನ್ನಿಸುತ್ತದೆ. ಹೋಗಬೇಕಾದದ್ದು ಎಣ್ಣೆಯಲ್ಲ, ಗಾಳಿ.

ಅಕ್ಕನ ಮನೆ ಬೆಳ್ತಂಗಡಿಯಲ್ಲಿ, ಅವಳ ಮಗ ಓದುವುದು ಮೂಡುಬಿದಿರೆಯಲ್ಲಿ. ಹಾಸ್ಟೆಲಿನ ಸೀನಿಯರ್ ಒಬ್ಬನಿಂದ ಅವನೊಂದು ಹಳೆಯ ಸೈಕಲ್ಲು ಕೊಂಡಿದ್ದ. ರಜೆಗೆ ಅದರಲ್ಲೇ ಮನೆಗೆ ಹೊರಟವನಿಗೆ ವೇಣೂರಿನ ಹತ್ತಿರ ಬ್ರೇಕು ಕೈಕೊಟ್ಟಿತು. 1604ರಿಂದ ಬಾಹುಬಲಿ ಅಲುಗಾಡದೆ ನಿಂತಿರುವ ಊರಿನಲ್ಲಿ ಇವನ ಸೈಕಲ್ಲು ಮಾತ್ರ ನಿಲ್ಲಲು ಒಪ್ಪಲಿಲ್ಲ. ಹೇಗೋ ಕಾಲು ಕೊಟ್ಟು ನಿಲ್ಲಿಸಿ, ಮರುದಿನ ಸಿದ್ಧಕಟ್ಟೆಯ ನಮ್ಮ ಮನೆಗೆ ಟೆಂಪೋದಲ್ಲಿ ತಂದ.

“ಮಾವ, ಲಿವರ್ ಒತ್ತಿದರೆ ಹ್ಯಾಂಡಲಿಗೆ ತಾಗ್ತದೆ. ಮೂರು ನಾಲ್ಕು ಸಲ ಒತ್ತಿದ ಮೇಲೆ ಹಿಡೀತದೆ” ಎಂದ. ಅದರ ಬೆನ್ನಿಗೇ, ಬರುವ ಭಾನುವಾರ ಗೆಳೆಯರ ಜೊತೆ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟಿ ಇಳಿಯುವುದಿದೆ ಎಂದೂ ಹೇಳಿದ. ಸಂಜೆ ಅಕ್ಕನ ಫೋನು ಬಂತು. “ನಾನು ಹೇಳಿದರೆ ಅವ ಕೇಳುದಿಲ್ಲ. ಬ್ರೇಕ್ ಸರಿ ಇಲ್ಲದಿದ್ದರೆ ಸೈಕಲ್ ನಿನ್ನ ಮನೆಯಲ್ಲೇ ಇರಲಿ.”

ಬಂಟ್ವಾಳದಲ್ಲಿ ನನಗೆ ಪರಿಚಯದ ಒಂದು ಗ್ಯಾರೇಜಿದೆ. ಕಾರು, ರಿಕ್ಷಾಗಳ ಬ್ರೇಕಿನಲ್ಲೇ ತಲೆ ಹಣ್ಣಾದ ಅಲ್ಲಿಯ ಮೇಸ್ತ್ರಿ ಲಿವರನ್ನು ಎರಡು ಸಲ ಒತ್ತಿ ನಕ್ಕರು. “ಇದಕ್ಕೆ ಗಾಳಿ ಹಿಡಿದಿದೆ. ಬಿಡಿಸುವ” ಎಂದರು. ಮಂತ್ರವಾದಿಯ ಮಾತಿನಂತೆ ಕೇಳಿದರೂ ಅವರು ಹೇಳಿದ್ದು ಶುದ್ಧ ವಿಜ್ಞಾನ. ದ್ರವವನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲವೆಂದೇ ಹೇಳಬೇಕು. ಹಾಗಾಗಿ ಬೆರಳಿನ ಒತ್ತಡ ಎಣ್ಣೆಯ ಮೂಲಕ ನೇರ ಚಕ್ರದ ಬಳಿಯ ಪಿಸ್ಟನ್ನಿಗೆ ತಲುಪುತ್ತದೆ, ಪ್ಯಾಡುಗಳು ಡಿಸ್ಕನ್ನು ಕಚ್ಚುತ್ತವೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಪಾಸ್ಕಲ್ ನಿಯಮ ಇದೇ. ನಡುವೆ ಒಂದು ಗುಳ್ಳೆ ಗಾಳಿ ಸೇರಿದರೆ ಬೆರಳಿನ ಬಲವೆಲ್ಲ ಅದನ್ನು ಹಿಂಡುವುದಕ್ಕೇ ಮುಗಿದುಹೋಗುತ್ತದೆ. ಘಾಟಿ ಇಳಿಯುವ ಬಸ್ಸನ್ನು ನಿಲ್ಲಿಸುವುದು ಗಾಳಿಯೇ, ಆದರೆ ಅಲ್ಲಿ ಅದನ್ನು ಮೊದಲೇ ಒತ್ತಿ ಟ್ಯಾಂಕಿನಲ್ಲಿ ತುಂಬಿಸಿಟ್ಟಿರುತ್ತಾರೆ. ಸೈಕಲ್ಲಿನ ಪೈಪಿನಲ್ಲಿರುವುದು ಕರೆಯದೆ ಬಂದು ಕೂತ ಗಾಳಿ.

ಮೇಸ್ತ್ರಿ ಕಪಾಟಿನಿಂದ ಕಾರಿನ ಬ್ರೇಕ್ ಆಯಿಲಿನ ಬಾಟಲಿ ತೆಗೆದರು. ಮುಚ್ಚಳ ತಿರುಗಿಸುವ ಮೊದಲು ಕನ್ನಡಕ ಹಾಕಿಕೊಂಡು ಲಿವರಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿದರು. ‘ಮಿನರಲ್ ಆಯಿಲ್’ ಎಂದಿತ್ತು. ಬಾಟಲಿ ಮತ್ತೆ ಕಪಾಟಿಗೆ ಹೋಯಿತು. “ಇದು ಬೇರೆ ಜಾತಿ. ನನ್ನದು ಹಾಕಿದರೆ ಇವತ್ತು ಹಿಡಿದೀತು. ಆಮೇಲೆ ಒಳಗಿನ ರಬ್ಬರು ಉಬ್ಬಿ ಹೋಗ್ತದೆ.”

ಕಾರಿನಲ್ಲಿ ಬಳಸುವುದು ಡಾಟ್ ದ್ರವ. ಕೆಲವು ಕಂಪನಿಗಳ ಸೈಕಲ್ ಬ್ರೇಕಿಗೂ ಅದೇ ಬೇಕು. ಶಿಮಾನೋ, ಮಗುರಾ ಬ್ರೇಕುಗಳಿಗೆ ಮಿನರಲ್ ಎಣ್ಣೆ. ಒಂದರ ರಬ್ಬರಿಗೆ ಇನ್ನೊಂದು ಆಗಿಬರುವುದಿಲ್ಲ. ಡಾಟ್ ದ್ರವ ನಮ್ಮ ಕರಾವಳಿಯ ಹವೆಯ ತೇವವನ್ನೂ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮಿನರಲ್ ಎಣ್ಣೆ ನೀರನ್ನು ಹೀರುವುದಿಲ್ಲ, ಆದರೆ ಒಳಗೆ ಸೇರಿದ ನೀರು ತಳಕ್ಕಿಳಿದು ಬ್ರೇಕಿನ ಅತ್ಯಂತ ಬಿಸಿಯಾಗುವ ಜಾಗದಲ್ಲೇ ಕೂರುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕು ಒತ್ತುತ್ತಲೇ ಇದ್ದರೆ ಅದು ಕುದಿದು ಆವಿಯಾದೀತು. ಆವಿಯೂ ಗಾಳಿಯಂತೆಯೇ ಮೋಸ ಮಾಡುತ್ತದೆ. ಚಾರ್ಮಾಡಿಯ ತಿರುವುಗಳು ಅದಕ್ಕೆ ಒಳ್ಳೆಯ ಜಾಗವಲ್ಲ.

ಮಂಗಳೂರಿನಿಂದ ಎಣ್ಣೆ ತರಿಸಿದೆವು. ಸಿರಿಂಜಿಗೆ ಹೋದಾಗ ಮೆಡಿಕಲ್ ಅಂಗಡಿಯವರು “ಯಾರಿಗೆ ಹುಷಾರಿಲ್ಲ?” ಎಂದು ಕೇಳಿದರು. “ಸೈಕಲ್ಲಿಗೆ” ಎಂದ ಹುಡುಗ.

ಕೆಲಸ ನಡೆದದ್ದು ಶುಕ್ರವಾರ ಸಂಜೆ. ಮೇಸ್ತ್ರಿ ಮೊದಲು ಚಕ್ರವನ್ನೂ ಪ್ಯಾಡುಗಳನ್ನೂ ಬಿಚ್ಚಿ ದೂರ ಇಟ್ಟರು. ಪ್ಯಾಡಿಗೆ ಒಂದು ಹನಿ ಎಣ್ಣೆ ತಾಗಿದರೂ ಅದು ಕಿರುಚುತ್ತದೆಯೇ ಹೊರತು ಹಿಡಿಯುವುದಿಲ್ಲವಂತೆ. ಪಿಸ್ಟನ್ನುಗಳು ಹೊರಗೆ ಬಾರದ ಹಾಗೆ ನಡುವೆ ಪ್ಲಾಸ್ಟಿಕ್ಕಿನ ತುಂಡು ಸಿಕ್ಕಿಸಿದರು. ಕೆಳಗಿನ ನಿಪ್ಪಲಿಗೆ ಟ್ಯೂಬು, ಅದಕ್ಕೆ ಸಿರಿಂಜು, ಮೇಲೆ ಲಿವರಿನ ತೂತಿನಲ್ಲಿ ಪುಟ್ಟ ಆಲಿಕೆ. ಗಾಳಿ ತಾನಾಗಿಯೇ ಮೇಲೇರುವುದರಿಂದ ಎಣ್ಣೆಯನ್ನು ಕೆಳಗಿನಿಂದ ಮೆಲ್ಲನೆ ತಳ್ಳಿದರು. ಸ್ಕ್ರೂಡ್ರೈವರಿನ ಹಿಡಿಯಿಂದ ಪೈಪಿಗೆ ತಟ್ಟಿದಾಗ ಅಂಟಿಕೊಂಡಿದ್ದ ಗುಳ್ಳೆಗಳು ಒಂದೊಂದಾಗಿ ಆಲಿಕೆಯಲ್ಲಿ ಬಂದು ಒಡೆದವು. ಆಮೇಲೆ ಹುಡುಗನಿಂದ ಲಿವರ್ ಒತ್ತಿ ಹಿಡಿಸಿ, ನಿಪ್ಪಲನ್ನು ಒಂದು ಕ್ಷಣ ಸಡಿಲಿಸಿ ಮತ್ತೆ ಬಿಗಿದರು. “ನಾನು ಹೇಳದೆ ಕೈ ಬಿಡಬೇಡ. ಬಿಟ್ಟರೆ ಹೋದ ಗಾಳಿ ವಾಪಸು ಬರ್ತದೆ.” ಹುಡುಗ ಉಸಿರು ಬಿಗಿಹಿಡಿದು ಒತ್ತಿದ. ಎಂಟೋ ಹತ್ತೋ ಸಲ ಹೀಗೆ ನಡೆದ ಮೇಲೆ ಲಿವರು ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು.

ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಚಕ್ರ ಜೋಡಿಸಿ, ಲಿವರನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ ರಾತ್ರಿಯಿಡೀ ನಿಲ್ಲಿಸಿದರು. ಬೆಳಿಗ್ಗೆ ನಿಪ್ಪಲಿನ ಕೆಳಗೆ ಬೆರಳಾಡಿಸಿ, ಎಲ್ಲೂ ಜಿನುಗಿಲ್ಲವೆಂದು ಖಾತ್ರಿ ಮಾಡಿಕೊಂಡರು. ತಾವೇ ಹತ್ತಿ ರಸ್ತೆಯಲ್ಲಿ ಎರಡು ಸುತ್ತು ಹೋಗಿ ಬಂದರು. ಆಮೇಲೆ ನನ್ನ ಕಡೆ ತಿರುಗಿ “ಅಕ್ಕನಿಗೆ ಹೇಳಿ” ಎಂದರು.

ಫೋನಿನಲ್ಲಿ ಅಕ್ಕ ಎಣ್ಣೆಯ ಬಗ್ಗೆಯಾಗಲಿ ಗುಳ್ಳೆಯ ಬಗ್ಗೆಯಾಗಲಿ ಏನೂ ಕೇಳಲಿಲ್ಲ. “ಅವರು ಹತ್ತಿ ನೋಡಿದರಾ?” ಎಂದಷ್ಟೇ ಕೇಳಿದಳು. ಹೌದೆಂದೆ.

ಕೂಲಿಯಾಗಿ ಮೇಸ್ತ್ರಿ ತೆಗೆದುಕೊಂಡದ್ದು ಕಡಿಮೆಯೇ. ಉಳಿದ ಎಣ್ಣೆಯನ್ನು ಮಾತ್ರ ಹುಡುಗನಿಂದ ಕೇಳಿ ಇಸಿದುಕೊಂಡರು. ಈಗ ಅವರ ಕಪಾಟಿನಲ್ಲಿ, ಕಾರಿನ ಬಾಟಲಿಗಳಿಂದ ಒಂದು ಗೇಣು ದೂರದಲ್ಲಿ ಆ ಪುಟ್ಟ ಬಾಟಲಿ ಇದೆ. ಮೇಲೆ ಮಾರ್ಕರಿನಲ್ಲಿ ಬರೆದಿದ್ದಾರೆ: ‘ಸೈಕಲ್ ಮಾತ್ರ. ಮೊದಲು ಓದಿ.’