ಹತ್ತನೆಯವನ ಕಾಲು

ಮೊನ್ನೆ ಮೊಮ್ಮಗ ಶಾಲೆಯಿಂದ ಬಂದವನೇ ಪಾಟಿಚೀಲ ಮೂಲೆಗೆ ಎಸೆದ. “ಮುತ್ಯಾ, ನಾ ಮಾನಿಟರ್ ಇದ್ರೂ ಯಾರೂ ನನ್ನ ಮಾತು ಕೇಳವಲ್ರು. ಗದ್ದಲ ಮಾಡಿದವರ ಹೆಸರು ಬೋರ್ಡಿನ ಮ್ಯಾಲ ಬರದೆ. ಈಗ ನನ್ನ ಜೋಡಿ ಮಾತೇ ಬಿಟ್ಟಾರ” ಎಂದ.

ಸೇಡಂನ ನಮ್ಮ ಮನೆಯ ಮುಂದೆ ಶಹಾಬಾದ್ ಕಲ್ಲಿನ ಕಟ್ಟೆಯಿದೆ. ಅಲ್ಲಿ ಅವನನ್ನು ಕೂಡಿಸಿಕೊಂಡು ನನ್ನ ಕಥೆ ಹೇಳಿದೆ.

ವಾಡಿ ಜಂಕ್ಷನ್‌ನಲ್ಲಿ ರೈಲು ಹತ್ತಿ ಸೈನ್ಯಕ್ಕೆ ಹೋದಾಗ ನಾನು ಬರೀ ಸಿಪಾಯಿ. ತೋಳಿನ ಮೇಲೆ ಒಂದು ಪಟ್ಟಿ ಬಂದರೆ ಲ್ಯಾನ್ಸ್ ನಾಯಕ್, ಎರಡಾದರೆ ನಾಯಕ್, ಮೂರಾದರೆ ಹವಾಲ್ದಾರ್. ಕಾಲ್ದಳದಲ್ಲಿ ಸುಮಾರು ಹತ್ತು ಜನರ ತಂಡಕ್ಕೆ ಸೆಕ್ಷನ್ ಎನ್ನುತ್ತಾರೆ. ಅದನ್ನು ನಡೆಸುವವನು ಇಂಥ ಪಟ್ಟಿಯವನೇ. ಜವಾನರ ಜೊತೆಗೇ ಉಣ್ಣುತ್ತಾನೆ, ಜೊತೆಗೇ ಮಲಗುತ್ತಾನೆ. ಇವರಿಗೆ ಮುಂದಾಳುತನ ಕಲಿಸಲು ಬೆಳಗಾವಿಯಲ್ಲಿ ಜೂನಿಯರ್ ಲೀಡರ್ಸ್ ವಿಂಗ್ ಎಂಬ ಶಾಲೆಯೇ ಇದೆ. ಆದರೆ ನನಗೆ ಮರೆಯಲಾಗದ ಪಾಠ ಕಲಿಸಿದ್ದು ಒಬ್ಬ ಹುಡುಗನ ಕಾಲು.

ಆಗ ನಾನು ಹೊಸ ನಾಯಕ್. ಹವಾಲ್ದಾರರು ರಜೆಯಲ್ಲಿದ್ದರು, ಸೆಕ್ಷನ್ ನನ್ನ ಕೈಗೆ ಬಂತು. ಗುಡ್ಡದಲ್ಲಿ ಅಭ್ಯಾಸದ ನಡಿಗೆ. ನಮ್ಮ ತಂಡವೇ ಮೊದಲು ಮುಟ್ಟಬೇಕೆಂದು ದಾಪುಗಾಲು ಹಾಕಿದೆ, ಹಿಂದುಳಿದವರಿಗೆ ಗದರಿದೆ. ಮೊದಲೇ ಮುಟ್ಟಿದೆವು. ಎಣಿಸಿದರೆ ನನ್ನನ್ನೂ ಸೇರಿಸಿ ಒಂಬತ್ತೇ ಮಂದಿ!

ಎದೆ ಧಸಕ್ಕೆಂದಿತು. ಬಂದ ದಾರಿಯಲ್ಲೇ ಓಡಿದೆ. ಒಂದು ಬಂಡೆಯ ಮರೆಯಲ್ಲಿ ಎಲ್ಲರಿಗಿಂತ ಕಿರಿಯವನು ಬೂಟು ಬಿಚ್ಚಿ ಕೂತಿದ್ದ. ಹಿಮ್ಮಡಿಯ ಗುಳ್ಳೆ ಒಡೆದು ಕಾಲುಚೀಲ ರಕ್ತವಾಗಿತ್ತು.

“ಮೊದಲೇ ಯಾಕೆ ಹೇಳಲಿಲ್ಲ?” ಎಂದೆ.

“ನೀವು ಬೈತೀರಂತ” ಎಂದ.

ಅವನನ್ನು ಹೆಗಲಿಗೆ ಆನಿಸಿಕೊಂಡು ಬಂದೆ. ಸುಬೇದಾರ್ ಸಾಹೇಬರು ಬೈಯಲಿಲ್ಲ. “ಯುದ್ಧದಲ್ಲಿ ಹೀಗಾಗಿದ್ದರೆ?” ಎಂದಷ್ಟೇ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನದಿಂದ ನಡಿಗೆ ಮುಗಿದ ಮೇಲೆ ಪ್ರತಿಯೊಬ್ಬನ ಕಾಲು ನೋಡಿದೆ. ಎಲ್ಲರೂ ಉಂಡ ಮೇಲೆ ಉಂಡೆ. ನಿಧಾನವಾಗಿ ಹುಡುಗರು ತಾವಾಗಿಯೇ ನೋವು ಹೇಳತೊಡಗಿದರು. ಆಮೇಲೆ ಗದರುವ ಪ್ರಸಂಗವೇ ಕಡಿಮೆಯಾಯಿತು.

ಮೊಮ್ಮಗ ಏನೂ ಮಾತಾಡದೆ ಎದ್ದುಹೋದ.

ನಿನ್ನೆ ಸಂಜೆ ಬಂದು ಹೇಳಿದ: “ಮುತ್ಯಾ, ಇವತ್ತು ಹೆಸರು ಬರೀಲಿಲ್ಲ. ಭಾಳ ಗದ್ದಲ ಮಾಡೋನ್ನ ಯಾಕಂತ ಕೇಳ್ದೆ. ಅವನಿಗೆ ಭಾಗಾಕಾರ ಬರಂಗಿಲ್ಲಂತ, ಬಾಜೂಕಿನವನ್ನ ಕೇಳ್ತಿದ್ದ. ನಾನೇ ಕೂತು ಹೇಳಿಕೊಟ್ಟೆ.”

ಮಕ್ಕಳೇ, ನಿಮ್ಮ ತರಗತಿಯಲ್ಲೂ ಹಿಂದುಳಿದ ಹತ್ತನೆಯವನು ಒಬ್ಬ ಇದ್ದಾನು. ನಾಳೆ ಒಮ್ಮೆ ತಿರುಗಿ ನೋಡಿ.