ಉದಕಮಂಡಲದ ಸರೋವರ ತೀರದಲ್ಲಿ

ನಮ್ಮ ಮೂರು ದಿನಗಳ ನೀಲಗಿರಿ ಪ್ರವಾಸದ ಕೊನೆಯ ದಿನವನ್ನು ಉದಕಮಂಡಲದ ಸರೋವರಕ್ಕೆಂದೇ ಮೀಸಲಿರಿಸಿದ್ದೆವು. ಮುಂಜಾನೆಯ ಮಂಜು ಇನ್ನೂ ಕರಗಿರಲಿಲ್ಲ. ದಡದ ನೀಲಗಿರಿ ಮರಗಳ ನೆರಳು ನೀರಿನಲ್ಲಿ ಮಸಕಾಗಿ ತೋರುತ್ತಿತ್ತು. 1973ರಲ್ಲಿ ಆರಂಭವಾದ ದೋಣಿಮನೆಯಲ್ಲಿ ಚೀಟಿ ಪಡೆದು ಸ್ವಲ್ಪ ಹೊತ್ತು ಜಲವಿಹಾರ ಮಾಡಿದೆವು.

ನೋಡುವವರಿಗೆ ಈ ಸರೋವರ ಪ್ರಕೃತಿಯ ಕೊಡುಗೆಯೆಂದೇ ತೋರುವುದು. ಆದರೆ ಇದು ಮನುಷ್ಯರು ಕಟ್ಟಿದ್ದು. ಕೊಯಮತ್ತೂರಿನ ಕಲೆಕ್ಟರರಾಗಿದ್ದ ಜಾನ್ ಸಲ್ಲಿವನ್ನರು 1820ರ ದಶಕದಲ್ಲಿ ಬೆಟ್ಟದ ತೊರೆಗಳಿಗೆ ಒಡ್ಡು ಹಾಕಿಸಿ ಇದನ್ನು ನಿರ್ಮಿಸಿದರು. ಅಂದು ಇದರ ವಿಸ್ತಾರ ಇಂದಿಗಿಂತ ಬಹಳ ಹೆಚ್ಚಾಗಿತ್ತು. ಕಾಲಕ್ರಮೇಣ ಸರೋವರ ಕುಗ್ಗಿ, ತೆರವಾದ ನೆಲದಲ್ಲಿ ಕುದುರೆ ಪಂದ್ಯದ ಮೈದಾನವೂ ಬಸ್ಸು ನಿಲ್ದಾಣವೂ ತಲೆಯೆತ್ತಿದವು. ಉಳಿದ ನೀರಿಗೂ ಪಟ್ಟಣದ ಕೊಳಚೆಯ ಕಾಟ ತಪ್ಪಲಿಲ್ಲ.

ತಾಳವಾಡಿ ಸೀಮೆಯ ನಮ್ಮೂರಿನಲ್ಲಿಯೂ ಒಂದು ಕೆರೆಯುಂಟು. ಅದನ್ನು ನೋಡಲು ಪ್ರವಾಸಿಗರು ಬರುವುದಿಲ್ಲ, ದೋಣಿಗಳೂ ಇಲ್ಲ. ಹೂಳು ತುಂಬುತ್ತಿರುವ ಅದರ ಅಂಗಳದೊಳಕ್ಕೆ ಹೊಲಗಳ ಬದುಗಳು ವರ್ಷಕ್ಕೊಂದು ಮಾರಿನಂತೆ ಸರಿಯುತ್ತಿವೆ. ಹಿರಿಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ಏರಿಯಾದರೂ ಇನ್ನೂ ಗಟ್ಟಿಯಾಗಿದೆ.

ಮಧ್ಯಾಹ್ನ ಗುಂಡ್ಲುಪೇಟೆಯ ಕಡೆಗೆ ಹೊರಡುವ ಬಸ್ಸಿಗಾಗಿ ಕಾದಿದ್ದಾಗ, ನಾವು ನಿಂತ ನೆಲ ಒಂದು ಕಾಲಕ್ಕೆ ಸರೋವರವಾಗಿತ್ತೆಂದು ಮಕ್ಕಳಿಗೆ ತಿಳಿಸಿದೆವು.

“ಹಾಗಾದರೆ ನೀರೆಲ್ಲ ಎಲ್ಲಿ ಹೋಯಿತು, ತಾತ?” ಎಂದು ಕಿರಿಯ ಮೊಮ್ಮಗ ಕೇಳಿದನು.

ಅವನ ಮಕ್ಕಳು ನಮ್ಮೂರ ಕೆರೆಯ ಅಂಗಳದಲ್ಲಿ ನಿಂತು ಇದೇ ಪ್ರಶ್ನೆಯನ್ನು ಕೇಳುವಂತಾಗಬಾರದು. ಈ ಬೇಸಿಗೆಯಲ್ಲಿಯೇ ಹೂಳೆತ್ತುವ ಮಾತನ್ನು ಊರಿನವರ ಮುಂದಿಡಬೇಕೆಂದು ನಿಶ್ಚಯಿಸಿ ಬಸ್ಸು ಹತ್ತಿದೆವು.